ವಿಂಡೋಸ್ ಕ್ಯಾಲ್ಕುಲೇಟರ್‌ನ ತಾರೀಕು ಲೆಕ್ಕ: ಕಾಫಿ ತೋಟದ ರೈಟರ್ ಒಬ್ಬನ ವಿಮರ್ಶೆ

ಕ್ಯಾಲ್ಕುಲೇಟರ್‌ಗೂ ವಿಮರ್ಶೆ ಬರೀತಾರಾ ಅಂತ ನಗಬೇಡಿ. ಲ್ಯಾಪ್‌ಟಾಪ್ ಇಟ್ಟುಕೊಂಡ ಎಷ್ಟೋ ಜನರಿಗೆ, ಅದರ ಕ್ಯಾಲ್ಕುಲೇಟರ್ ಒಳಗೆ ಎರಡು ತಾರೀಕಿನ ನಡುವೆ ಎಷ್ಟು ದಿನ ಅಂತ ಹೇಳುವ ಭಾಗವೊಂದಿದೆ ಅನ್ನೋದೇ ಗೊತ್ತಿಲ್ಲ. ಮೇಲೆ ಎಡಗಡೆ ಇರುವ ಮೂರು ಗೀಟು ಒತ್ತಿ, 'ಡೇಟ್ ಕ್ಯಾಲ್ಕುಲೇಶನ್' ಆರಿಸಿಕೊಂಡರೆ ಆಯಿತು. ವಿಂಡೋಸ್ 7ರ ಕಾಲದಿಂದಲೂ ಇದೆ. ನಾನು ಕೊಡಗಿನ ಸಿದ್ದಾಪುರದ ಕಡೆ ಒಂದು ಕಾಫಿ ತೋಟದಲ್ಲಿ ರೈಟರ್, ಅಂದರೆ ಲೆಕ್ಕ ಬರೆಯುವವನು. ಹಾಜರಿ, ಸಂಬಳ, ಸಾಲದ ಗಡುವು, ಕೆಲಸ ಬಿಟ್ಟವರ ಲೆಕ್ಕ ಎಲ್ಲ ನನ್ನ ಮೇಜಿಗೇ ಬರುತ್ತದೆ. ವರ್ಷಗಳಿಂದ ತಾರೀಕಿನ ಲೆಕ್ಕಕ್ಕೆ ಇದನ್ನೇ ನೆಚ್ಚಿಕೊಂಡಿದ್ದೇನೆ.

ಮೊದಲು ಫೋನಿನಲ್ಲಿ ಒಂದು ಆ್ಯಪ್ ಹಾಕಿಕೊಂಡಿದ್ದೆ. ಹೆಸರು ಬೇಡ ಬಿಡಿ. ತಾರೀಕು ಹಾಕಿದ ಕೂಡಲೇ ಜಾಹೀರಾತು, ಉತ್ತರ ಬರುವ ಮೊದಲು ಇನ್ನೊಂದು ಜಾಹೀರಾತು. ನೆಟ್ ಇಲ್ಲದಿದ್ದರೆ ಸುಮ್ನೆ ಸುತ್ತುತ್ತಾ ಕೂರುತ್ತಿತ್ತು. ನಮ್ಮ ಕಡೆಯ ಮಳೆಗಾಲ ನಿಮಗೆ ಗೊತ್ತಲ್ಲ. ಜುಲೈ ಗಾಳಿಗೆ ಮರ ಬಿದ್ದು ಲೈನ್ ಹೋದರೆ ಕರೆಂಟ್ ಯಾವಾಗ ಬರುತ್ತೋ ದೇವರೇ ಬಲ್ಲ. ಅದರ ಹಿಂದೆಯೇ ಟವರ್ರೂ ಮಲಗುತ್ತದೆ. ಈ ಕ್ಯಾಲ್ಕುಲೇಟರ್‌ಗೆ ನೆಟ್ ಬೇಡ, ಜಾಹೀರಾತು ಇಲ್ಲ, ದುಡ್ಡೂ ಇಲ್ಲ. ಲ್ಯಾಪ್‌ಟಾಪಿನ ಬ್ಯಾಟರಿ ಇರುವಷ್ಟು ಹೊತ್ತು ಕೆಲಸ ನಡೆಯುತ್ತದೆ. ನನಗೆ ಅಷ್ಟು ಸಾಕಿತ್ತು.

ಆದರೆ ಇದನ್ನು ಬಳಸುವವರು ಮೊದಲು ಒಂದು ವಿಷಯ ತಿಳಿದುಕೊಂಡಿರಬೇಕು. ಇದು ಕಳೆಯುವ ಲೆಕ್ಕ ಮಾಡುತ್ತದೆ, ಎಣಿಸುವ ಲೆಕ್ಕ ಅಲ್ಲ. 2024ರ ಜನವರಿ 8 ಸೋಮವಾರ, 13 ಶನಿವಾರ. ಎರಡನ್ನೂ ಹಾಕಿದರೆ 5 ದಿನ ಅನ್ನುತ್ತದೆ. ಎರಡು ಕಡೆಯೂ ಒಂದೇ ತಾರೀಕು ಕೊಟ್ಟರೆ ಸೊನ್ನೆ ದಿನ ಅಂತಲೂ ಹೇಳುವುದಿಲ್ಲ, ಎರಡೂ ಒಂದೇ ದಿನ ಅಂದು ಸುಮ್ಮನಾಗುತ್ತದೆ. ಸೋಮವಾರದಿಂದ ಶನಿವಾರದವರೆಗೆ ಕಾಫಿ ಕುಯ್ದ ಆಳಿಗೆ ಕೊಡಬೇಕಾದ್ದು ಆರು ದಿನದ ಕೂಲಿ. ಇದನ್ನು ನಮ್ಮ ಮೇಸ್ತ್ರಿಗೆ ತೋರಿಸಿದಾಗ ಅವರು ಬೆರಳು ಮಡಚಿ ಎಣಿಸಿ, "ಅಲ್ಲ ರೈಟ್ರೇ, ನಿಮ್ಮ ಕಂಪ್ಯೂಟರ್ ಶನಿವಾರ ರಜೆ ಕೊಟ್ಟುಬಿಟ್ಟಿದೆಯಲ್ಲ" ಅಂದರು.

ಅದೇ ಎರಡು ತಾರೀಕನ್ನು ಹೋಂಸ್ಟೇ ನಡೆಸುವ ನನ್ನ ಭಾವನ ಕೈಗೆ ಕೊಡಿ. 8ಕ್ಕೆ ಬಂದು 13ಕ್ಕೆ ಖಾಲಿ ಮಾಡಿದ ಗೆಸ್ಟ್‌ಗೆ ಬಿಲ್ ಮಾಡುವುದು ಐದು ರಾತ್ರಿಗೆ. ಅವನ ಪಾಲಿಗೆ ಕ್ಯಾಲ್ಕುಲೇಟರ್ ಸರಿ, ಮೇಸ್ತ್ರಿ ತಪ್ಪು. ಹಾಗಾಗಿ ಕೂಲಿ, ರಜೆ, ಹಾಜರಿ ಅಂದರೆ ಒಂದು ಸೇರಿಸಬೇಕು. ರಾತ್ರಿ, ಬಡ್ಡಿ, ನೋಟಿಸ್ ಗಡುವು ಅಂದರೆ ಬಂದದ್ದನ್ನೇ ಬರೆದುಕೊಳ್ಳಬೇಕು. ನೋಟಿಸ್ ವಿಷಯದಲ್ಲಿ ಕಾನೂನೂ ಹೀಗೇ ಎಣಿಸುತ್ತದೆ. 1897ರ ಜನರಲ್ ಕ್ಲಾಸಸ್ ಆ್ಯಕ್ಟ್‌ನ 9ನೇ ಸೆಕ್ಷನ್ ಪ್ರಕಾರ ಇಂಥ ದಿನದಿಂದ ಅಂದರೆ ಆ ಮೊದಲ ದಿನ ಲೆಕ್ಕಕ್ಕಿಲ್ಲ, ಇಂಥ ದಿನದವರೆಗೆ ಅಂದರೆ ಆ ಕೊನೆಯ ದಿನ ಸೇರುತ್ತದೆ.

ಕೊಡಗಿನವರಿಗೆ ಇದನ್ನು ಹೇಳಿಕೊಡುವುದು ಸುಲಭ. ಕಕ್ಕಡ ಹದಿನೆಂಟು, ಅಂದರೆ ಮಳೆಗಾಲದ ಕಕ್ಕಡ ತಿಂಗಳಲ್ಲಿ ಮದ್ದುಸೊಪ್ಪು ಕೊಯ್ದು ಅಡುಗೆ ಮಾಡಿ ತಿನ್ನುವ ಹದಿನೆಂಟನೇ ದಿನ, ಆಗಸ್ಟ್ 3ಕ್ಕೆ ಅಲ್ವಾ? ಜುಲೈ 17ನ್ನು ಕಕ್ಕಡದ ಒಂದನೇ ದಿನ ಅಂತ ಹಿಡಿದು ಎಣಿಸಿದರೆ ಆಗಸ್ಟ್ 3 ಹದಿನೆಂಟನೆಯದು. ಅದೇ ತಾರೀಕುಗಳನ್ನು ಕ್ಯಾಲ್ಕುಲೇಟರ್‌ಗೆ ಹಾಕಿ, 17 ಬರುತ್ತದೆ. ಅದನ್ನು ನಂಬಿ ಮದ್ದುಸೊಪ್ಪು ಕೊಯ್ಯಲು ಹೋದವನು ಒಂದು ದಿನ ತಪ್ಪುತ್ತಾನೆ. ಕೆಲವು ವೆಬ್‌ಸೈಟ್‌ಗಳಲ್ಲಿ ಕೊನೆಯ ದಿನವನ್ನೂ ಸೇರಿಸು ಅಂತ ಒಂದು ಟಿಕ್ ಬಾಕ್ಸ್ ಇರುತ್ತದೆ. ಇದರಲ್ಲಿ ಅದಿಲ್ಲ. ನಾನು ಐದಕ್ಕೆ ನಾಲ್ಕು ಸ್ಟಾರ್ ಕೊಡುವುದಾದರೆ, ಒಂದು ಕಡಿಮೆ ಆಗುವುದು ಈ ಟಿಕ್ ಬಾಕ್ಸ್‌ನಿಂದಲೇ.

ಉತ್ತರ ಎರಡು ರೀತಿಯಲ್ಲಿ ಬರುತ್ತದೆ. ಮೇಲೆ ವರ್ಷ, ತಿಂಗಳು, ವಾರ, ದಿನ. ಅದರ ಕೆಳಗೆ ಒಟ್ಟು ದಿನ. ನಾನು ಮೊದಲು ನೋಡುವುದು ಕೆಳಗಿನದನ್ನು. ತಿಂಗಳು ಅನ್ನೋದು ನೆಟ್ಟಗಿನ ಅಳತೆಯೇ ಅಲ್ಲ. 2023ರ ಜನವರಿ 28ರಿಂದ ಫೆಬ್ರವರಿ 28ಕ್ಕೆ ಒಂದು ತಿಂಗಳು, ಅಂದರೆ 31 ದಿನ. ಫೆಬ್ರವರಿ 28ರಿಂದ ಮಾರ್ಚ್ 28ಕ್ಕೂ ಒಂದೇ ತಿಂಗಳು, ಆದರೆ 28 ದಿನ. ಲಕ್ಷ ರೂಪಾಯಿ ಸಾಲಕ್ಕೆ ವರ್ಷಕ್ಕೆ ಶೇ 12 ಬಡ್ಡಿ ಅಂದರೆ ದಿನಕ್ಕೆ ಸುಮಾರು 33 ರೂಪಾಯಿ. ಮೂರು ದಿನಕ್ಕೆ ಹತ್ತಿರ ಹತ್ತಿರ ನೂರು. ಸಾಲ ಕೊಟ್ಟವರು ದಿನದ ಲೆಕ್ಕದಲ್ಲಿ ಬಡ್ಡಿ ಹಾಕುವಾಗ ನಾವು ತಿಂಗಳ ಲೆಕ್ಕ ಇಟ್ಟುಕೊಂಡು ಕೂತರೆ ಹೊಂದುವುದಾದರೂ ಹೇಗೆ?

ಕಾಫಿಗೂ ದಿನದ ಲೆಕ್ಕವೇ ವಾಸಿ. ಹೂಮಳೆ ಬಿದ್ದ ದಿನವನ್ನು ಡೈರಿಯಲ್ಲಿ ಬರೆದಿಡುವುದು ಇಲ್ಲಿನ ಪ್ರತಿ ತೋಟದ ಪದ್ಧತಿ. ಮಳೆ ಬಿದ್ದು ಒಂದು ವಾರ ಹತ್ತು ದಿನಕ್ಕೆ ಹೂ ಬಿರಿಯುತ್ತದೆ, ಆಮೇಲೆ ಎರಡು ಮೂರು ವಾರದೊಳಗೆ ಬ್ಯಾಕಿಂಗ್ ಮಳೆ, ಅಂದರೆ ಕಾಯಿ ಕಚ್ಚಲು ಬೇಕಾದ ಎರಡನೇ ಮಳೆ, ಬರಬೇಕು. ಬರಲಿಲ್ಲ ಅಂದರೆ ಸ್ಪ್ರಿಂಕ್ಲರ್ ಎಳೆಯಬೇಕು. ಸಾವುಕಾರರು ಬೆಳಿಗ್ಗೆ ಬಂದವರೇ ಕೇಳುವುದು "ಎಷ್ಟು ದಿನ ಆಯ್ತಪ್ಪ?" ಅಂತ. ರೋಬಸ್ಟಾಗೆ ಹೂವಿನಿಂದ ಹಣ್ಣಿಗೆ ಹತ್ತು ಹನ್ನೊಂದು ತಿಂಗಳು, ಅರೇಬಿಕಾಗೆ ಎಂಟು ಒಂಬತ್ತು. ಉದಾಹರಣೆಗೆ 2023ರ ಮಾರ್ಚ್ 14ಕ್ಕೆ ಹೂ ಬಿರಿದು 2024ರ ಜನವರಿ 10ಕ್ಕೆ ಕೊಯ್ಲು ಶುರು ಅಂದುಕೊಳ್ಳಿ. ಮೇಲಿನ ಸಾಲು 9 ತಿಂಗಳು, 3 ವಾರ, 6 ದಿನ ಅನ್ನುತ್ತದೆ. ಕೆಳಗಿನದು 302 ದಿನ. ಈ ವರ್ಷದ್ದನ್ನು ಹೋದ ವರ್ಷದ್ದರ ಜೊತೆ ಹೋಲಿಸಲು 302 ಅನ್ನೋ ಒಂದು ಸಂಖ್ಯೆ ಸಾಕು.

ಮೇಲಿನ ಸಾಲು ಉಪಯೋಗಕ್ಕೆ ಬರುವುದು ಗ್ರಾಚ್ಯುಟಿ, ಅಂದರೆ ಕೆಲಸ ಬಿಡುವಾಗ ಕೊಡುವ ಇಡುಗಂಟಿನ ಲೆಕ್ಕಕ್ಕೆ. 1972ರ ಕಾಯ್ದೆಯಿಂದ ಬಂದ ಲೆಕ್ಕ ಅದು: ಒಂದು ವರ್ಷಕ್ಕೆ 15 ದಿನದ ಕೂಲಿ, ಆರು ತಿಂಗಳಿಗಿಂತ ಜಾಸ್ತಿ ಉಳಿದರೆ ಅದನ್ನೂ ಒಂದು ಪೂರ್ತಿ ವರ್ಷ ಅಂತ ಹಿಡಿಯಬೇಕು. 2006ರ ಜೂನ್ 5ಕ್ಕೆ ಸೇರಿ 2024ರ ಜನವರಿ 20ಕ್ಕೆ ನಿವೃತ್ತರಾದವರಿಗೆ 17 ವರ್ಷ, 7 ತಿಂಗಳು, 2 ವಾರ, 1 ದಿನ ಅಂತ ತೋರಿಸುತ್ತದೆ. ಹದಿನೆಂಟು ವರ್ಷದ್ದು ಕೊಡಬೇಕು. ಇಲ್ಲಿ ಒಂದು ದಿನ ಹೆಚ್ಚು ಕಡಿಮೆ ಆದರೂ ಏನೂ ಆಗುವುದಿಲ್ಲ. ಆದರೆ ಉಳಿದದ್ದು ಸರಿಯಾಗಿ ಆರು ತಿಂಗಳ ಅಂಚಿಗೆ ಬಂದು ನಿಂತರೆ, ಕೊನೆಯ ದಿನ ಸೇರಿಸಿದ್ದೀರಾ ಇಲ್ಲವಾ ಅನ್ನೋದರ ಮೇಲೆ ಒಬ್ಬ ಆಳಿನ 15 ದಿನದ ಕೂಲಿ ನಿಂತಿರುತ್ತದೆ. ಅಂಥಾ ಕೇಸು ಬಂದರೆ ನಾನು ಹಳೇ ಹಾಜರಿ ಪುಸ್ತಕ ತೆಗೆದು ಕೈಯಲ್ಲೂ ಎಣಿಸುತ್ತೇನೆ.

ಇದರಲ್ಲೇ ದಿನ ಕೂಡಿಸುವ, ಕಳೆಯುವ ಆಯ್ಕೆಯೂ ಇದೆ. ಒಂದು ಎಚ್ಚರ: ಒಂದು ವರ್ಷ ಕೂಡಿಸುವುದು ಬೇರೆ, 365 ದಿನ ಕೂಡಿಸುವುದು ಬೇರೆ. 2023ರ ಆಗಸ್ಟ್ 10ಕ್ಕೆ ಒಂದು ವರ್ಷ ಕೂಡಿಸಿದರೆ 2024ರ ಆಗಸ್ಟ್ 10. 365 ದಿನ ಕೂಡಿಸಿದರೆ ಆಗಸ್ಟ್ 9, ನಡುವೆ ಫೆಬ್ರವರಿ 29 ಬಂತಲ್ಲ. ಬೆಳೆ ಸಾಲದ ಪತ್ರದಲ್ಲಿ ಯಾವುದು ಬರೆದಿದೆ ಅಂತ ನೋಡಿಕೊಂಡು ಹಾಕಿ. ಗಡುವು ದಾಟಿದರೆ ಬಡ್ಡಿ ರಿಯಾಯಿತಿ ಕೈತಪ್ಪುತ್ತದೆ.

ಇದರಿಂದ ಆಗದ ಕೆಲಸ ಅಂದರೆ ಪಟ್ಟಿ. ಒಂದು ಸಲಕ್ಕೆ ಒಂದೇ ಜೋಡಿ ತಾರೀಕು. ಲೈನ್ ಮನೆಯಲ್ಲಿರುವ ತೋಟದ ಆಳುಗಳದ್ದೆಲ್ಲ ಸೇವಾವಧಿ ಒಟ್ಟಿಗೆ ಬೇಕು ಅಂದರೆ ಎಕ್ಸೆಲ್‌ಗೇ ಹೋಗಬೇಕು. ಅಲ್ಲಿ ಬರೀ ದಿನ ಬೇಕಿದ್ದರೆ ಒಂದು ಕೋಶದಿಂದ ಇನ್ನೊಂದನ್ನು ಕಳೆದರೆ ಸಾಕು. ವರ್ಷ, ತಿಂಗಳಿಗೆ ಡೇಟೆಡಿಫ್ (DATEDIF) ಅನ್ನೋ ಫಾರ್ಮುಲಾ ಇದೆ. ಎಕ್ಸೆಲ್‌ನಂಥದೇ ಹಳೇ ಪ್ರೋಗ್ರಾಂ ಲೋಟಸ್ 1-2-3 ಕಾಲದ್ದು. ಎಕ್ಸೆಲ್‌ನಲ್ಲಿ ಟೈಪ್ ಮಾಡುವಾಗ ಸಲಹೆಯ ಪಟ್ಟಿಯಲ್ಲಿ ಕಾಣಿಸುವುದಿಲ್ಲ, ಪೂರ್ತಿ ನೀವೇ ಬರೆಯಬೇಕು. ಅದರಲ್ಲಿ 'ಎಂಡಿ' (MD) ಅನ್ನೋ ಆಯ್ಕೆ ಮಾತ್ರ ಮುಟ್ಟಬೇಡಿ. ತಿಂಗಳು ಕಳೆದು ಉಳಿದ ದಿನ ಹೇಳುವುದು ಅದರ ಕೆಲಸ, ಆದರೆ ಉತ್ತರ ಸೊನ್ನೆಯೋ ಮೈನಸ್ಸೋ ಬರಬಹುದು ಅಂತ ಮೈಕ್ರೋಸಾಫ್ಟ್‌ನವರೇ ಸಹಾಯ ಪುಟದಲ್ಲಿ ಬರೆದಿದ್ದಾರೆ. ವರ್ಷಕ್ಕೆ 'ವೈ', ತಿಂಗಳಿಗೆ 'ಎಂ', ದಿನಕ್ಕೆ 'ಡಿ', ಈ ಮೂರಕ್ಕೂ ಆ ಕಾಟ ಇಲ್ಲ.

ಹಳೇ ದಾಖಲೆಯ ಕೆಲಸ ಇರುವವರಿಗೆ ಇನ್ನೊಂದು ಮಾತು. ಎಕ್ಸೆಲ್ ಪಾಲಿಗೆ ಜಗತ್ತು ಶುರುವಾಗುವುದೇ 1900ರ ಜನವರಿ 1ಕ್ಕೆ. ಅದಕ್ಕಿಂತ ಹಿಂದಿನದನ್ನು ಅದು ತಾರೀಕು ಅಂತಲೇ ಒಪ್ಪುವುದಿಲ್ಲ. ಸಾಲದ್ದಕ್ಕೆ 1900ರ ಫೆಬ್ರವರಿಗೆ 29 ದಿನ ಇತ್ತು ಅಂತ ನಂಬಿಕೊಂಡಿದೆ. ಇರಲಿಲ್ಲ. ಲೋಟಸ್‌ನಲ್ಲಿದ್ದ ತಪ್ಪನ್ನು, ಹಳೇ ಫೈಲುಗಳು ಹೊಂದಲಿ ಅಂತ, ಬೇಕಂತಲೇ ಉಳಿಸಿಕೊಂಡದ್ದು. ಐನ್‌ಮನೆಯ, ಅಂದರೆ ಕುಟುಂಬದ ಮೂಲ ಮನೆಯ, ಪೆಟ್ಟಿಗೆಯಲ್ಲಿ ಸಿಕ್ಕಿದ 1890ರ ದಶಕದ ಜಮ್ಮಾ ಜಮೀನಿನ ಕಾಗದದ ತಾರೀಕು ಹಿಡಿದು ಲೆಕ್ಕ ಹಾಕುವವರು ಕ್ಯಾಲ್ಕುಲೇಟರ್‌ಗೇ ಬನ್ನಿ, ಅದು ತಕರಾರಿಲ್ಲದೆ ತೆಗೆದುಕೊಳ್ಳುತ್ತದೆ. ಅಷ್ಟು ಹಿಂದಕ್ಕೆ ಹೋಗಲು ಕ್ಯಾಲೆಂಡರಿನ ತಿಂಗಳುಗಳನ್ನು ಒಂದೊಂದಾಗಿ ಸರಿಸುತ್ತಾ ಕೂರಬೇಡಿ. ಮೇಲಿರುವ ತಿಂಗಳ ಹೆಸರನ್ನು ಒತ್ತಿದರೆ ವರ್ಷ ಬರುತ್ತದೆ, ವರ್ಷವನ್ನು ಒತ್ತಿದರೆ ದಶಕ ಬರುತ್ತದೆ.