ಪುಣೆ ಬಳಿಯ ಭೋಸರಿಯ ಉಚಿತ ಸಿಎನ್‌ಸಿ ಕೋರ್ಸ್: ಪಾಠಕ್ಕೆ ನಾಲ್ಕು ಸ್ಟಾರ್, ನೌಕರಿಗೆ ಒಂದು

16 ವರ್ಷ ನಾನು ಸಿಎನ್‌ಸಿ ಲೇತ್ ಮೇಲೆ, ಅಂದರೆ ಕಂಪ್ಯೂಟರ್ ಹೇಳಿದಂತೆ ಲೋಹ ಕಡಿಯುವ ಮಷೀನಿನ ಮೇಲೆ, ಕೆಲಸ ಮಾಡಿದ್ದೇನೆ. ಕೆಲಸ ಅಂದರೆ ಜಾಬ್ (ಕಡಿಯಬೇಕಾದ ಲೋಹದ ತುಂಡು) ಹಾಕುವುದು, ಬಾಗಿಲು ಎಳೆಯುವುದು, ಹಸಿರು ಬಟನ್ ಒತ್ತುವುದು, ಜಾಬ್ ತೆಗೆಯುವುದು. ಶಿಫ್ಟಿಗೆ 300 ಜಾಬ್. ಪರದೆ ಮೇಲೆ ಓಡುವ ಅಕ್ಷರ ಏನು ಅಂತ ನಾನು ಕೇಳಿದವನಲ್ಲ, ಯಾರೂ ಹೇಳಿದವರೂ ಅಲ್ಲ. ಸೈಜ್ ತಪ್ಪಿತು ಅಂದರೆ ಸೆಟ್ಟರ್, ಅಂದರೆ ಮಷೀನಿನ ಅಳತೆ ಕೂಡಿಸುವವನು, ಬರುತ್ತಿದ್ದ, ಏನೋ ಎರಡು ಬಟನ್ ಒತ್ತಿ ಹೋಗುತ್ತಿದ್ದ. ಅವನಿಗೆ ನನಗಿಂತ 6 ಸಾವಿರ ಜಾಸ್ತಿ ಸಂಬಳ.

2023ರ ದೀಪಾವಳಿ ಮುಗಿದ ವಾರವೇ ಕಂಪನಿ ನಮ್ಮ ಲೈನನ್ನು ಬೇರೆ ರಾಜ್ಯಕ್ಕೆ ಎತ್ತಿಕೊಂಡು ಹೋಯಿತು. ನನಗೆ ಆಗ 43. ಊರು ಇಂಡಿ ತಾಲೂಕು, ಆದರೆ ಅಲ್ಲಿ ಈಗ ಮಾಡುವುದೇನು? ಮಕ್ಕಳ ಶಾಲೆ, ಬಾಡಿಗೆ, ಎಲ್ಲ ಇಲ್ಲೇ.

ಮೊದಲು ಒಂದು ಉಪಯೋಗದ ಮಾತು ಹೇಳಿಬಿಡುತ್ತೇನೆ, ನಮ್ಮವರಲ್ಲಿ ಬಹಳ ಜನಕ್ಕೆ ಇದು ಗೊತ್ತಿಲ್ಲ. ಸಂಬಳದಲ್ಲಿ ಇಎಸ್‌ಐಗೆ, ಅಂದರೆ ಕಾರ್ಮಿಕರ ವಿಮೆಗೆ ಅಂತ ಶೇ. 0.75 ಹಿಡಿಯುತ್ತಾರಲ್ಲ, ಅದರಲ್ಲಿ ಬರೀ ಔಷಧ ಗುಳಿಗೆ ಅಷ್ಟೇ ಅಲ್ಲ. ಅಟಲ್ ಬಿಮಿತ್ ವ್ಯಕ್ತಿ ಕಲ್ಯಾಣ್ ಯೋಜನೆ ಅಂತ ಇದೆ, 2018ರಲ್ಲಿ ಬಂದದ್ದು. ನಾನು ಪಡೆದಾಗ, ಕೆಲಸ ಹೋದರೆ ಸರಾಸರಿ ದಿನಗೂಲಿಯ ಅರ್ಧ, ಹೆಚ್ಚೆಂದರೆ 90 ದಿನ ಕೊಡುತ್ತಿದ್ದರು. ಮೊದಲು ಕಾಲು ಭಾಗ ಇತ್ತು, ಕೊರೊನಾ ಹೊತ್ತಿಗೆ ಅರ್ಧ ಮಾಡಿದರು. ಜೀವನದಲ್ಲಿ ಒಂದೇ ಸಲ ಸಿಗುತ್ತಿತ್ತು. ನನಗೂ ಸಿಕ್ಕಿತು. ಆ ದುಡ್ಡಿಲ್ಲದಿದ್ದರೆ ಮೂರು ತಿಂಗಳು ಕ್ಲಾಸಿನಲ್ಲಿ ಕೂರಲು ಆಗುತ್ತಿರಲಿಲ್ಲ.

ಈಗ ಕೋರ್ಸ್. ಪ್ರಧಾನಮಂತ್ರಿ ಕೌಶಲ್ ವಿಕಾಸ್ ಯೋಜನೆಯದು, ಫೀ ಇಲ್ಲ. ಎಂಐಡಿಸಿ (ಮಹಾರಾಷ್ಟ್ರ ಸರ್ಕಾರದ ಕೈಗಾರಿಕಾ ಪ್ರದೇಶ) ಒಳಗೆ ಒಂದು ಖಾಸಗಿ ಸಂಸ್ಥೆ ನಡೆಸುತ್ತದೆ, ಸರ್ಕಾರ ದುಡ್ಡು ಕೊಡುತ್ತದೆ. ಹೆಸರು ಬರೆಯುವುದಿಲ್ಲ. ಕಲಿಸಿದ ಸರ್ ಒಳ್ಳೆಯವರು, ಅವರ ಅನ್ನಕ್ಕೆ ಯಾಕೆ ಕಲ್ಲು ಹಾಕಬೇಕು. 45 ದಾಟಿದವರನ್ನು ತೆಗೆದುಕೊಳ್ಳುವುದಿಲ್ಲ, ನಾನು ಕೂದಲೆಳೆಯಲ್ಲಿ ಪಾರಾದೆ.

ಮೊದಲ ದಿನವೇ ಫಜೀತಿ. ಹಾಜರಿ ಆಧಾರಿನದು, ಹೆಬ್ಬೆರಳು ಒತ್ತಬೇಕು. ನನ್ನ ಹೆಬ್ಬೆರಳನ್ನು ಆ ಡಬ್ಬಿ ಓದಲೇ ಇಲ್ಲ. 16 ವರ್ಷ ಕೂಲಂಟ್ ನೀರಲ್ಲಿ ಅದ್ದಿ, ಬರ್ (ಕಡಿದ ಲೋಹದ ಚೂಪು ಅಂಚು) ತಾಗಿ ತಾಗಿ, ಗೆರೆಗಳೇ ಉಳಿದಿಲ್ಲ. ಒರೆಸಿದೆ, ಉಫ್ ಅಂದೆ, ತಲೆಗೂದಲಿಗೆ ತಿಕ್ಕಿದೆ. ಹಿಂದೆ 20 ಹುಡುಗರ ಸಾಲು. ಕೊನೆಗೆ ಎಡಗೈ ಉಂಗುರ ಬೆರಳು ಓದಿತು. ಮುಂದೆ ಮೂರು ತಿಂಗಳೂ ಅದೇ ಬೆರಳು. ಕೈಗೆಲಸದವರಿಗೆ ಕಲಿಸುವ ಜಾಗದಲ್ಲಿ ಕೈ ಸವೆದವನು ಬರಬಹುದು ಅಂತ ಯಾರಿಗೂ ಹೊಳೆದಿಲ್ಲ ನೋಡಿ.

ಬ್ಯಾಚಿನಲ್ಲಿ 28 ಜನ, ನನ್ನ ಬಿಟ್ಟರೆ ಎಲ್ಲರೂ 18ರಿಂದ 25. ಅಫಜಲಪುರದ ಕಡೆಯ ಒಬ್ಬ ಹುಡುಗ ಪಕ್ಕಕ್ಕೆ ಬಂದು ಕೂತ. "ಕಾಕಾ, ನಿಮಗ ಎಲ್ಲಾ ಬರ್ತದಲ್ಲ, ಮತ್ಯಾಕ ಬಂದೀರಿ?" ಅಂದ. ಬಟನ್ ಒತ್ತುವುದಷ್ಟೇ ಬರ್ತದಪ್ಪ ಅಂದೆ. ಅವನು ತಮಾಷೆ ಅಂದುಕೊಂಡ.

ಪಾಠ ಮರಾಠಿಯಲ್ಲಿ, ಪುಸ್ತಕ ಹಿಂದಿಯಲ್ಲಿ. ಕನ್ನಡ ಶಾಲೆಯಲ್ಲಿ ಓದಿದವನಿಗೆ ನಿಧಾನ, ಆದರೆ ಆಗದೇ ಇರುವಂಥದ್ದಲ್ಲ. ಜಿ ಸೊನ್ನೆ ಸೊನ್ನೆ ಅಂದರೆ ಗಾಳಿಯಲ್ಲಿ ಓಡು, ಜಿ ಸೊನ್ನೆ ಒಂದು ಅಂದರೆ ಕಡಿಯುತ್ತಾ ನಡೆ, ಎಂ ಸೊನ್ನೆ ಮೂರು ಅಂದರೆ ಸ್ಪಿಂಡಲ್ ತಿರುಗು. ಇಷ್ಟೇ! ಇಷ್ಟಕ್ಕೇ 16 ವರ್ಷ ನಾನು ಆ ಪರದೆಗೆ ಹೆದರಿಕೊಂಡಿದ್ದೆ.

ಮರೆಯದ ದಿನ ಅಂದರೆ ಚುಕ್ಕಿಯ ದಿನ. ಸಿಮ್ಯುಲೇಟರಿನಲ್ಲಿ ನಾನು ಎಕ್ಸ್ 52 ಅಂತ ಬರೆದು ಓಡಿಸಿದೆ. ಟೂಲ್ ಸೀದಾ ಜಾಬಿನ ಹೊಟ್ಟೆಗೆ ನುಗ್ಗಿ ಪರದೆ ಕೆಂಪಾಯಿತು. ಸರ್ ಬಂದು ಏನೂ ಹೇಳದೆ 52 ಆದ ಮೇಲೆ ಒಂದು ಚುಕ್ಕಿ ಇಟ್ಟರು. ಅಲ್ಲಿಯ ಮಷೀನ್ ನಡೆಸುವ ಫ್ಯಾನಕ್ ಕಂಪನಿಯ ಕಂಟ್ರೋಲಿನಲ್ಲಿ ಚುಕ್ಕಿ ಇದ್ದರೆ 52 ಮಿಲಿಮೀಟರ್, ಇಲ್ಲದಿದ್ದರೆ 52 ಮೈಕ್ರಾನ್. ಅಂದರೆ ಹೆಚ್ಚುಕಡಿಮೆ ಸೊನ್ನೆ. ಹಳೆ ಕಂಪನಿಯಲ್ಲಿ ಒಮ್ಮೆ ರಾತ್ರಿ ಪಾಳಿಯಲ್ಲಿ ಧಡ್ ಅಂತ ಜಾಬ್ ಹಿಡಿಯುವ ಚಕ್‌ಗೆ ಟೂಲ್ ಬಡಿದು, ಪಾಪ ಒಬ್ಬ ಆಪರೇಟರ್‌ನನ್ನು ಮನೆಗೆ ಕಳಿಸಿದ್ದರು. ಅಂದು ಸಂಜೆ ಬಸ್ಸಿನಲ್ಲಿ ಅವನ ಮುಖವೇ ಕಣ್ಣ ಮುಂದೆ. ಅದು ಅವನ ತಪ್ಪೋ, ಪ್ರೋಗ್ರಾಂ ತಿದ್ದಿದವನ ಚುಕ್ಕಿಯೋ, ಯಾರು ನೋಡಿದರು?

ಕೊರತೆಗಳೂ ಇವೆ. ನಿಜವಾದ ಮಷೀನ್ ಒಂದೇ. 28 ಜನಕ್ಕೆ ಹಂಚಿದರೆ ವಾರಕ್ಕೆ 40 ನಿಮಿಷ ಕೈಗೆ ಬಂದರೆ ಪುಣ್ಯ. ನನಗೆ ನಡೆಯಿತು, ನನಗೆ ಮಷೀನ್ ಹೊಸದಲ್ಲ. ಆ ಅಫಜಲಪುರದ ಹುಡುಗ ನಾಜೂಕಾಗಿ ಅಳೆಯುವ ಮೈಕ್ರೋಮೀಟರನ್ನು ಜಿ-ಕ್ಲಾಂಪಿನ ಹಾಗೆ ಬಿಗಿಯುತ್ತಿದ್ದ, ಕೊನೆಯ ವಾರದಲ್ಲೂ.

ಇನ್ನೊಂದು ವಿಷಯ ಆಮೇಲೆ ತಿಳಿಯಿತು. ಇದೇ ಯೋಜನೆಯಲ್ಲಿ ಆರ್‌ಪಿಎಲ್ ಅಂತ ಇನ್ನೊಂದು ದಾರಿ ಇದೆ. ಕೆಲಸ ಬರುವವರಿಗೆ ಚಿಕ್ಕ ತರಬೇತಿ ಕೊಟ್ಟು, ಪರೀಕ್ಷೆ ಮಾಡಿ ಸರ್ಟಿಫಿಕೇಟ್ ಕೊಡುತ್ತಾರೆ. ನನ್ನ ಅರ್ಜಿ ನೋಡಿದ ಕೌಂಟರಿನವರು ಅದನ್ನು ಹೇಳಲಿಲ್ಲ. ಹೇಳಿದ್ದರೂ ನಾನು ಪೂರಾ ಕೋರ್ಸನ್ನೇ ತೆಗೆದುಕೊಳ್ಳುತ್ತಿದ್ದೆ, ಆ ಮಾತು ಬೇರೆ. ಆದರೆ ಕೇಳಬೇಕಿತ್ತಲ್ವಾ?

ಇನ್ನು ನೌಕರಿ. ಕೇಂದ್ರದ ಗೋಡೆ ಮೇಲೆ ದೊಡ್ಡದಾಗಿ "100% ಪ್ಲೇಸ್‌ಮೆಂಟ್" ಅಂತ ಫ್ಲೆಕ್ಸ್. ಯೋಜನೆಯ ಹಿಂದಿನ ಒಂದು ಸುತ್ತಿನಲ್ಲಿ ಸಂಸ್ಥೆಗೆ ಬರುವ ದುಡ್ಡಿನಲ್ಲಿ ಶೇ. 20 ನೌಕರಿ ಕೊಡಿಸಿದ ಮೇಲೆಯೇ ಬರುತ್ತಿತ್ತು. ನಾನು ಸೇರಿದ 4.0 ಸುತ್ತಿನಲ್ಲಿ ಆ ಗಂಟು ಬಿಚ್ಚಿದ್ದರು. ಫ್ಲೆಕ್ಸ್ ಮಾತ್ರ ಬಿಚ್ಚಿಲ್ಲ. ನನಗೆ ಕರೆದು ಕೊಟ್ಟ ಕೆಲಸ ಚಾಕಣದ ಗೋದಾಮಿನಲ್ಲಿ ಪ್ಯಾಕಿಂಗ್, ಗುತ್ತಿಗೆದಾರನ ಕೈಕೆಳಗೆ, 12,500. ಸಿಎನ್‌ಸಿ ಕಲಿಸಿ ಡಬ್ಬಕ್ಕೆ ಟೇಪ್ ಹಚ್ಚಲು ಕಳಿಸುತ್ತೀರಾ ಅಂದೆ. "ಕಾಕಾ, ಈ ವಯಸ್ಸಿಗೆ ಇಷ್ಟು ಸಿಗುವುದೇ ಹೆಚ್ಚು" ಅಂದಳು ಕೇಂದ್ರದಲ್ಲಿ ನೌಕರಿ ಪಟ್ಟಿ ನೋಡುವ ಹುಡುಗಿ. ಅವಳ ತಪ್ಪಲ್ಲ, ಅವಳ ಪಟ್ಟಿಯಲ್ಲಿ ಇದ್ದದ್ದೇ ಅದು. 28ರಲ್ಲಿ 9 ಹುಡುಗರು ಹೋದರು. ಎರಡು ತಿಂಗಳಿಗೆ ಉಳಿದವರು ಇಬ್ಬರು.

ನಮ್ಮ ಕಡೆ ರುಡ್‌ಸೆಟ್ ಗೊತ್ತಲ್ಲ, ಹಳ್ಳಿ ಹುಡುಗರಿಗೆ ಸ್ವಂತ ಉದ್ಯೋಗ ಕಲಿಸುವ ಸಂಸ್ಥೆ. 1982ರಲ್ಲಿ ಧರ್ಮಸ್ಥಳದ ಹೆಗ್ಗಡೆಯವರು ಎರಡು ಬ್ಯಾಂಕುಗಳ ಜೊತೆ ಸೇರಿ ಉಜಿರೆಯಲ್ಲಿ ಶುರು ಮಾಡಿದ್ದು. ಅದನ್ನೇ ನೋಡಿ ಕೇಂದ್ರ ಸರ್ಕಾರ ದೇಶದ ಜಿಲ್ಲೆ ಜಿಲ್ಲೆಗೂ ಆರ್‌ಸೆಟಿ ಅಂತ ಅಂಥದೇ ಸಂಸ್ಥೆ ಮಾಡಿತು. ನನ್ನ ಸೋದರಳಿಯ ವಿಜಯಪುರದಲ್ಲಿ ಅಲ್ಲಿ ಮೊಬೈಲ್ ರಿಪೇರಿ ಕಲಿತ. ಊಟ, ವಸತಿ ಎಲ್ಲ ಅವರದೇ. ಮುಗಿದ ಮೇಲೂ ಎರಡು ವರ್ಷ ಬೆನ್ನು ಹತ್ತಿ ಕೇಳುತ್ತಿದ್ದರಂತೆ, ಅಂಗಡಿ ಹಾಕಿದೆಯಾ, ಸಾಲ ಸಿಕ್ಕಿತಾ ಅಂತ. ಇಲ್ಲಿ ಸರ್ಟಿಫಿಕೇಟ್ ಕೈಗಿಟ್ಟು ಫೋಟೋ ಹೊಡೆದದ್ದೇ ಕೊನೆ.

ನನಗೆ ಕೆಲಸ ಸಿಕ್ಕಿದ್ದು ಲಾಂಡೇವಾಡಿಯ ಚಹಾ ಟಪರಿಯಲ್ಲಿ. ಹಳೆ ಕಂಪನಿಯ ಗೆಳೆಯನೊಬ್ಬ ಹೇಳಿದ, ನಾಲ್ಕು ಮಷೀನಿನ ಒಂದು ವರ್ಕ್‌ಶಾಪಿಗೆ ಸೆಟ್ಟರ್ ಬೇಕಂತೆ. ಹೋದೆ. ಮಾಲೀಕರು ಸರ್ಟಿಫಿಕೇಟ್ ಮುಟ್ಟಲೇ ಇಲ್ಲ. ಒಂದು ಜಾಬ್ ಕೊಟ್ಟು ಅಳತೆ ಮಾಡು ಅಂದರು. 25.04 ಮಿಲಿಮೀಟರ್ ಬಂತು, ಬೇಕಾದದ್ದು 25. ಇಂಥ ಹೊತ್ತಿನಲ್ಲಿ ಮಷೀನಿಗೆ ಕೊಡುವ ತಿದ್ದುಪಡಿಗೆ ಆಫ್‌ಸೆಟ್ ಅನ್ನುತ್ತಾರೆ. "ಎಷ್ಟು ಆಫ್‌ಸೆಟ್ ಹಾಕುತ್ತೀ? ಅರ್ಧ ಮಾಡಬೇಕಾ?" ಅಂತ ಬಲೆ ಬೀಸಿದರು. ಇದು ಡಯಾ (ವ್ಯಾಸ) ಲೆಕ್ಕ, ಅರ್ಧ ಬೇಡ ಅಂದು ಮೈನಸ್ ಸೊನ್ನೆ ಚುಕ್ಕಿ ಸೊನ್ನೆ ನಾಲ್ಕು ಹಾಕಿದೆ. ಚುಕ್ಕಿಯನ್ನು ಎರಡು ಸಲ ನೋಡಿಕೊಂಡೆ. ಮುಂದಿನ ಜಾಬ್ 25.00. ನಾಳೆಯಿಂದ ಬಾ ಅಂದರು. ಮರುದಿನ ಗುರುವಾರ, ಎಂಐಡಿಸಿಗೆ ರಜೆ. ಶುಕ್ರವಾರ ಹೋದೆ.

ಸಂಬಳ 22,000. ಇಎಸ್‌ಐಗೆ ಸಂಬಳದ ಮಿತಿ ಆಗ 21,000 ಇತ್ತು, ಹಾಗಾಗಿ ಆ ಕಾರ್ಡು ಹೋಯಿತು. ನಮ್ಮನೆಯಾಕೆ ಇನ್ನೂ ಅದಕ್ಕೆ ಬೈಯುತ್ತಾಳೆ.

ಹೋದ ತಿಂಗಳು ತರಬೇತಿ ಕೇಂದ್ರದಿಂದ ಫೋನ್ ಬಂತು. ಕೆಲಸದ ಜಾಗದಲ್ಲಿ ನಿಂತು ಒಂದು ಫೋಟೋ, ಒಂದು ಸಂಬಳದ ಚೀಟಿ ಕಳಿಸಿ ಅಂತ. ಸರ್ ಕೇಳಿದ್ದರೆ ಅವತ್ತೇ ಕಳಿಸುತ್ತಿದ್ದೆ.

ಸೇರುವವರಿದ್ದರೆ ಬೆಳಗಿನ ಬ್ಯಾಚ್ ಕೇಳಿ. ಮಧ್ಯಾಹ್ನದ ಬ್ಯಾಚಿಗೆ ಮಷೀನ್ ಸಿಗುವ ಹೊತ್ತಿಗೆ ಕರೆಂಟ್ ಹೋಗಿರುತ್ತದೆ. ಮತ್ತೆ ಆಧಾರ್ ಕೇಂದ್ರಕ್ಕೆ ಹೋಗಿ ಬೆರಳಿನ ಗುರುತು ಹೊಸದಾಗಿ ಕೊಟ್ಟು ಬನ್ನಿ, ಹತ್ತೂ ಬೆರಳು.