ತೊಟ್ಟಿಮನೆ ತೋರಿಸಿ ಎಸಿ ಹಾಲ್ ಕೊಟ್ಟರು, ಅದಕ್ಕೆ ಹೊಂದುವ ಧಾರೆ ಸೀರೆಯಲ್ಲೂ ಮೋಸ ಮಾಡಿದರು

ಬೆಂಗಳೂರಿನ ಸುತ್ತಮುತ್ತ ಮದುವೆಗೆ ಜಾಗ ಹುಡುಕುತ್ತಿರುವವರು, ಅದರಲ್ಲೂ ಹಳೆಯ ಕಾಲದ ಶೈಲಿಯ ಮಂಟಪವೆಂದು ಹೇಳಿಕೊಳ್ಳುವ ಜಾಗಗಳಿಗೆ ಮುಂಗಡ ಕೊಡಲು ಹೊರಟವರು, ದಯವಿಟ್ಟು ಇದನ್ನು ಪೂರ್ತಿ ಓದಿ. ಕನಕಪುರ ರಸ್ತೆಯ ಕಡೆಯ ಒಂದು ಕಲ್ಯಾಣ ಮಂಟಪದವರು ಮತ್ತು ಅವರೇ ನಮ್ಮನ್ನು ಕಳುಹಿಸಿದ ಸೀರೆ ಅಂಗಡಿಯವರು ನನ್ನ ಮಗಳ ಮದುವೆಯಲ್ಲಿ ನಮಗೆ ಮಾಡಿದ್ದನ್ನು ಬರೆಯುತ್ತಿದ್ದೇನೆ. ದೂರು ಸಲ್ಲಿಸಿರುವುದರಿಂದ ಯಾರ ಹೆಸರನ್ನೂ ಹಾಕುತ್ತಿಲ್ಲ. ಅವರು ನಡೆದುಕೊಂಡ ರೀತಿ ತಿಳಿದರೆ ಹೆಸರಿಲ್ಲದೆಯೂ ನೀವು ಗುರುತಿಸುತ್ತೀರಿ.

ಆಷಾಢ ಹಿಡಿಯುವುದರೊಳಗೆ ಎರಡೂ ಜಾತಕಕ್ಕೆ ಹೊಂದುವ ಮುಹೂರ್ತಗಳು ಎಷ್ಟು ಸಿಗುತ್ತವೆ, ಆ ದಿನಗಳಲ್ಲಿ ಛತ್ರ ಸಿಗುವುದು ಎಷ್ಟು ಕಷ್ಟ ಎಂಬುದು ಮದುವೆ ಮಾಡಿದವರಿಗೆಲ್ಲ ಗೊತ್ತು. ಆ ಆತುರ ಮಂಟಪದವರಿಗೂ ಚೆನ್ನಾಗಿ ಗೊತ್ತು. ಮ್ಯಾನೇಜರ್ ನಮ್ಮನ್ನು ನೇರವಾಗಿ ತೊಟ್ಟಿಯೊಳಗೆ ಕರೆದುಕೊಂಡು ಹೋದರು. ಮರದ ಕಂಬಗಳು, ಮಂಗಳೂರು ಹೆಂಚಿನ ಮಾಡು, ನಡುವೆ ಆಕಾಶಕ್ಕೆ ತೆರೆದ ಅಂಗಳ, ಬೆಳಗಿನ ಬಿಸಿಲು ಓರೆಯಾಗಿ ಧಾರೆ ಮಂಟಪದ ಕಟ್ಟೆಯ ಮೇಲೆ ಬೀಳುತ್ತಿತ್ತು. "ಅಮ್ಮಾ, ನಿಮ್ಮ ಮುಹೂರ್ತದ ಹೊತ್ತಿಗೆ ಸರಿಯಾಗಿ ಬೆಳಕು ಇಲ್ಲೇ ಬೀಳುತ್ತದೆ, ಒಂದು ದೀಪವೂ ಬೇಡ" ಎಂದು ಅವರೇ ಹೇಳಿದರು. ನನ್ನ ಮಗಳು ಒಪ್ಪಿದ್ದು ಆ ಬೆಳಕಿಗೆ. ಪಕ್ಕದಲ್ಲಿ ಒಂದು ಎಸಿ ಹಾಲ್ ಇರುವುದನ್ನು "ಅದು ಆರತಕ್ಷತೆಯವರಿಗೆ" ಎಂದು ಬಾಗಿಲಿನಿಂದಲೇ ತೋರಿಸಿ ಮುಗಿಸಿದರು. ಎರಡು ಲಕ್ಷ ರೂಪಾಯಿ ಮುಂಗಡ ಕೊಟ್ಟೆವು. ಅರ್ಧವನ್ನು ನಗದಾಗಿ ಕೊಟ್ಟರೆ ಶೇ 18ರ ಜಿಎಸ್‌ಟಿ ಉಳಿಯುತ್ತದೆ ಎಂದು ಅವರು ಹೇಳಿದಾಗ ನಮ್ಮ ಯಜಮಾನರು ಒಪ್ಪದೆ ಅಷ್ಟನ್ನೂ ಬ್ಯಾಂಕ್ ಮೂಲಕವೇ ಕಳುಹಿಸಿದರು. ಇಡೀ ವ್ಯವಹಾರದಲ್ಲಿ ಇಂದು ನಮ್ಮ ಕೈ ಹಿಡಿದಿರುವುದು ಅದೊಂದೇ.

ಸೀರೆಯ ಮಾತನ್ನು ಎತ್ತಿದವರೂ ಆ ಮ್ಯಾನೇಜರೇ. ನಮ್ಮ ಕಡೆ ಧಾರೆಗೆ ಕೆಂಪಂಚಿನ ಬಿಳಿ ಸೀರೆ ಉಡಿಸುವುದು ಪದ್ಧತಿ ಎಂದು ತಿಳಿದ ಕೂಡಲೇ, ಈ ತೊಟ್ಟಿಗೆ ಅಚ್ಚ ಬಿಳಿಗಿಂತ ಕೆನೆಬಣ್ಣ ಚೆನ್ನಾಗಿ ಒಪ್ಪುತ್ತದೆ, ನಮ್ಮಲ್ಲಿ ಮದುವೆ ಮಾಡುವವರಿಗೆಂದೇ ಒಬ್ಬರು ಅಂಥ ಸೀರೆ ಇಟ್ಟಿದ್ದಾರೆ, ನನ್ನ ಹೆಸರು ಹೇಳಿದರೆ ಶೇ 10 ರಿಯಾಯಿತಿ ಎಂದು ಕಾರ್ಡ್ ಕೊಟ್ಟರು. ಆ ಅಂಗಡಿಯ ಗೋಡೆಯ ಮೇಲೆ ಇದೇ ತೊಟ್ಟಿಯ ದೊಡ್ಡ ಫೋಟೋ ಇತ್ತು. ಕೆನೆಬಣ್ಣದ ಒಡಲು, ಕುಂಕುಮದ ಅಂಚು, ಸೆರಗಿನ ತುಂಬ ಜರಿ, ಬೆಲೆ 38,000 ರೂಪಾಯಿ. ಸರಕಾರಿ ಮೈಸೂರು ಸಿಲ್ಕ್‌ನಲ್ಲಿ ಬಳಸುವಂಥದೇ ಜರಿ ಎಂದು ಅಂಗಡಿಯವರು ಒತ್ತಿ ಒತ್ತಿ ಹೇಳಿದರು. ಮೈಸೂರು ಸಿಲ್ಕ್ ತಯಾರಿಸುವ ಸರಕಾರಿ ಸಂಸ್ಥೆಯಾದ ಕೆಎಸ್‌ಐಸಿಯವರ ಜರಿಯಲ್ಲಿ ಶೇ 65 ಬೆಳ್ಳಿ, ಶೇ 0.65 ಚಿನ್ನ ಇರುತ್ತದೆ, ಪ್ರತಿ ಸೀರೆಗೂ ಅದರದೇ ಸಂಖ್ಯೆ ಇರುತ್ತದೆ ಎಂಬುದು ನನಗೆ ಗೊತ್ತಿದ್ದರಿಂದ, ಇದರ ಸಂಖ್ಯೆ ಎಲ್ಲಿ, ಅಸಲಿ ರೇಷ್ಮೆ ಎಂದು ಖಾತರಿ ಕೊಡುವ ಸಿಲ್ಕ್ ಮಾರ್ಕ್ ಚೀಟಿ ಎಲ್ಲಿ ಎಂದು ಕೇಳಿದೆ. "ಚೀಟಿ ಯಾರು ಬೇಕಾದರೂ ಅಂಟಿಸುತ್ತಾರೆ ಮೇಡಂ, ಬೆಂಕಿ ಸುಳ್ಳು ಹೇಳುವುದಿಲ್ಲ" ಎಂದ ಅಂಗಡಿಯಾತ ಸೆರಗಿನ ತುದಿಯಿಂದ ಒಂದು ಎಳೆ ಕಿತ್ತು, ನನ್ನ ಕಣ್ಣೆದುರೇ ಸುಟ್ಟು, ಮೂಗಿನ ಬಳಿ ಹಿಡಿದ. ಕೂದಲು ಸುಟ್ಟ ವಾಸನೆ ಬಂದಿತು. ಬೂದಿಯನ್ನು ಬೆರಳಲ್ಲಿ ಉಜ್ಜಿದರೆ ಪುಡಿಯಾಯಿತು. ಅಸಲಿ ರೇಷ್ಮೆ ಸುಡುವುದೇ ಹಾಗೆ. ಹಣ ಕೊಟ್ಟು ಬಂದೆವು. ಆ ಎಳೆಯ ಕಥೆಯನ್ನು ಮುಂದೆ ಹೇಳುತ್ತೇನೆ, ಏಕೆಂದರೆ ನನ್ನ ಹೊಟ್ಟೆ ಇಂದಿಗೂ ಉರಿಯುವುದು ಅದಕ್ಕೇ.

ವರಪೂಜೆಯ ಸಂಜೆ ಸಾಮಾನು ಇಳಿಸಿಕೊಂಡು ಒಳಗೆ ಹೋದರೆ ತೊಟ್ಟಿಯಲ್ಲಿ ಯಾರೋ ಗುರುತಿಲ್ಲದ ಹುಡುಗರು ಹಳದಿ ಬಟ್ಟೆಯ ಚಪ್ಪರ ಕಟ್ಟುತ್ತಿದ್ದರು. ನಮ್ಮ ಅಲಂಕಾರದವರಿರಬಹುದು ಎಂದುಕೊಂಡು ನಾನು ಅವರಿಗೆ ಮಲ್ಲಿಗೆ ಎಲ್ಲಿ ಕಟ್ಟಬೇಕೆಂದು ಹೇಳುತ್ತಾ ನಿಂತೆ. ಅವರು ಮುಖ ಮುಖ ನೋಡಿಕೊಂಡರು. ಮ್ಯಾನೇಜರ್ ಬಂದು, ಬಹಳ ವಿನಯದಿಂದ, "ಅಮ್ಮಾ, ಇಲ್ಲಿ ನಾಳೆ ಬೇರೆಯವರ ಅರಿಶಿನ ಶಾಸ್ತ್ರ ಮತ್ತು ಫೋಟೋ ಶೂಟ್ ಇದೆ. ನಿಮ್ಮದನ್ನು ಎಸಿ ಹಾಲ್‌ಗೆ ಅಪ್‌ಗ್ರೇಡ್ ಮಾಡಿದ್ದೇವೆ" ಎಂದರು. ಅಪ್‌ಗ್ರೇಡ್! ಕೇಳದೆ, ತಿಳಿಸದೆ, ಮುಹೂರ್ತದ ಹಿಂದಿನ ಸಂಜೆ, ಬೀಗರ ಬಸ್ಸು ಇನ್ನೇನು ಗೇಟಿಗೆ ಬರಬೇಕು ಎನ್ನುವಾಗ. ನಾನು ದನಿ ಎತ್ತಿದಾಗ ಉತ್ತರ ಬದಲಾಯಿತು. ಮಳೆ ಬರಬಹುದೆಂದು ನಮ್ಮ ಒಳ್ಳೆಯದಕ್ಕೇ ಒಳಗೆ ಹಾಕಿದರಂತೆ. ಹಾಗಾದರೆ ಆ ಅರಿಶಿನ ಶಾಸ್ತ್ರದವರ ಮೇಲೆ ಮಳೆ ಬೀಳುವುದಿಲ್ಲವೇ ಎಂದು ನಮ್ಮ ಯಜಮಾನರು ಕೇಳಿದ್ದಕ್ಕೆ ಬಂದ ಮೂರನೆಯ ಉತ್ತರ ಹೀಗಿತ್ತು: "ರಸೀದಿಯಲ್ಲಿ ತೊಟ್ಟಿ ಎಂದು ಎಲ್ಲಿದೆ ಸಾರ್, ತೋರಿಸಿ." ತೆಗೆದು ನೋಡಿದರೆ ರಸೀದಿಯಲ್ಲಿದ್ದುದು "ಮದುವೆ ಹಾಲ್, ಒಂದು ದಿನ" ಎಂದಷ್ಟೇ.

ಮುಹೂರ್ತವನ್ನು ಮುಂದೂಡಲಾಗದು, ನೆಂಟರನ್ನು ವಾಪಸ್ ಕಳುಹಿಸಲಾಗದು. ಜಗಳ ಮಾಡಿದರೆ ಹೆಣ್ಣಿನ ಮನೆಯವರು ಜಗಳಗಂಟರು ಎಂಬ ಹೆಸರು ನಮಗೇ. ಈ ಲೆಕ್ಕಾಚಾರದ ಮೇಲೆಯೇ ಅವರ ವ್ಯಾಪಾರ ನಿಂತಿದೆ ಎಂದು ನನಗೆ ಈಗ ಖಚಿತವಾಗಿದೆ.

ಆ ಹಾಲ್‌ಗೆ ಕಿಟಕಿಗಳಿರಲಿಲ್ಲ. ವೇದಿಕೆಯ ಹಿಂದೆ ನೇರಳೆ ಪ್ಲಾಸ್ಟಿಕ್ ಹೂವಿನ ಗೋಡೆ, ಎರಡೂ ಬದಿಯಲ್ಲಿ ನೀಲಿ, ನೇರಳೆ ಚೆಲ್ಲುವ ಪಾರ್ ಲೈಟುಗಳು. ಬಣ್ಣದ ಸೀರೆಯಾಗಿದ್ದರೆ ಹೇಗೋ ತಡೆದುಕೊಳ್ಳುತ್ತಿತ್ತೋ ಏನೋ. ಬಿಳಿ, ಕೆನೆಬಣ್ಣದ ಬಟ್ಟೆ ಮೇಲೆ ಬಿದ್ದ ಬೆಳಕನ್ನೇ ತನ್ನ ಬಣ್ಣ ಮಾಡಿಕೊಳ್ಳುತ್ತದೆ. ಬಿಸಿಲಿನ ತೊಟ್ಟಿಗೆಂದು ಆರಿಸಿದ್ದ ಸೀರೆ ಅಲ್ಲಿ ತಣ್ಣನೆಯ ನೀಲಿಯಾಗಿ ಕಂಡಿತು, ಕುಂಕುಮದ ಅಂಚು ಕಪ್ಪಾಯಿತು, ಮಗಳ ಕೆನ್ನೆಯ ಅರಿಶಿನ ಬೂದು ಬಳಿದಂತೆ ಕಾಣುತ್ತಿತ್ತು. ಬೀಗಿತ್ತಿ ನನ್ನ ಪಕ್ಕಕ್ಕೆ ಬಂದು, ಕೇಳಬಾರದೆಂದು ಅಂದುಕೊಂಡೇ ಕೇಳುತ್ತಿರುವವರ ದನಿಯಲ್ಲಿ, "ಧಾರೆಗೆ ನೀಲಿ ಸೀರೆ ತಂದಿರಾ?" ಎಂದರು. ನೂರಾರು ಜನರ ನಡುವೆ ನಾನು ಏನೆಂದು ವಿವರಿಸಲಿ? ಆ ಲೈಟು ಆರಿಸಪ್ಪಾ ಎಂದು ಆಪರೇಟರ್‌ಗೆ ಕೈ ಮುಗಿದರೆ, "ಡೆಕೊರೇಷನ್ ಕಾಂಟ್ರಾಕ್ಟ್‌ನವರು ಹೇಳದೆ ಮುಟ್ಟುವ ಹಾಗಿಲ್ಲ ಅಮ್ಮಾ" ಎಂದ. ಕಾಂಟ್ರಾಕ್ಟ್‌ನವರು ಫೋನ್ ಎತ್ತಲಿಲ್ಲ. ಲೈಟುಗಳು ಆರಿದ್ದು ಧಾರೆ ಎರೆದು, ತಾಳಿ ಕಟ್ಟಿ ಆದ ಮೇಲೆ. ತಾಳಿ ಕಟ್ಟುವ ಪ್ರತಿಯೊಂದು ಫೋಟೋದಲ್ಲಿ ನನ್ನ ಮಗಳು ನೀಲಿ ಸೀರೆಯಲ್ಲಿದ್ದಾಳೆ. ಫೋಟೋಗ್ರಾಫರ್ ತಿದ್ದಿ ಕೊಟ್ಟ ಪ್ರತಿಗಳಲ್ಲಿ ಸೀರೆ ಬಿಳಿಯಾಗಿ, ಮುಖ ಹಳದಿಯಾಗಿದೆ. ಕೊನೆಯ ಬಿಲ್ಲಿನಲ್ಲಿ ಆ ಲೈಟುಗಳ ಬಾಡಿಗೆಯನ್ನೂ ನಮ್ಮಿಂದಲೇ ವಸೂಲಿ ಮಾಡಿದರು. ಜನರೇಟರ್ ಡೀಸೆಲ್, ಸ್ವಚ್ಛತೆ, ಕರೆಂಟಿನ ಮೀಟರ್, ಅವೆಲ್ಲ ಇದ್ದದ್ದೇ, ಬಿಡಿ.

ಇನ್ನು ಆ ಎಳೆಯ ಕಥೆ. ಹೋಮದ ಹೊತ್ತಿನಲ್ಲಿ ಒಂದು ಕಿಡಿ ಹಾರಿ ಸೀರೆಯ ನೆರಿಗೆಯ ಮೇಲೆ ಬಿದ್ದಿತ್ತು. ಮಾರನೆಯ ದಿನ ಮಡಿಸುವಾಗ ನೋಡಿದರೆ ಸಾಸಿವೆಯಷ್ಟು ತೂತು. ರೇಷ್ಮೆಯಾಗಿದ್ದರೆ ಅಂಚು ಕರಕಲಾಗಿ ಉದುರಬೇಕಿತ್ತು. ಇಲ್ಲಿ ತೂತಿನ ಸುತ್ತ ಗಟ್ಟಿಯಾದ, ಹೊಳೆಯುವ, ಉಗುರಿಗೆ ತಾಗುವ ಕಪ್ಪು ಅಂಚು. ನಾನು ಅಲ್ಲಿಂದ ಅಡ್ಡಕ್ಕೆ ಒಂದು ಎಳೆ ಬಿಡಿಸಿ ಸುಟ್ಟೆ. ಕರಗಿತು, ಮುದುಡಿತು, ಪ್ಲಾಸ್ಟಿಕ್ ವಾಸನೆ ಬಂದು ಪುಟ್ಟ ಗುಂಡಾಯಿತು. ಉದ್ದದ ಎಳೆಯನ್ನು ಸುಟ್ಟರೆ ಮತ್ತೆ ಅದೇ ಕೂದಲಿನ ವಾಸನೆ. ಆಗ ಹೊಳೆಯಿತು. ಸೆರಗಿನ ತುದಿಯಲ್ಲಿ ಜೋತಾಡುವ, ನಾವು ಕುಚ್ಚು ಕಟ್ಟಿಸುವ ಎಳೆಗಳೆಲ್ಲ ಹಾಸಿನವು, ಅಂದರೆ ಉದ್ದದ ಎಳೆಗಳು. ಹಾಸು ಮಾತ್ರ ರೇಷ್ಮೆ, ಅಡ್ಡಕ್ಕೆ ನೇಯ್ದ ಹೊಕ್ಕು ಪಾಲಿಯೆಸ್ಟರ್. ಅಂಗಡಿಯಾತ ನನ್ನ ಮೂಗಿಗೆ ಹಿಡಿದದ್ದು ಅವನಿಗೆ ಯಾವುದು ಬೇಕೋ ಆ ಎಳೆಯನ್ನು. ಮೂವತ್ತು ವರ್ಷಗಳಿಂದ ಸೀರೆ ಉಡುತ್ತಿರುವ ನನ್ನ ಮುಂದೆಯೇ, ಅಸಲಿಯನ್ನು ಸುಟ್ಟು ತೋರಿಸಿ ನಕಲಿಯನ್ನು ಕೊಟ್ಟ.

ಅಂಗಡಿಗೆ ಹೋದಾಗ ಆತ ಸ್ವಲ್ಪವೂ ಗಾಬರಿಯಾಗಲಿಲ್ಲ. "ಬಿಲ್ಲಿನಲ್ಲಿ ಸಿಲ್ಕ್ ಸೀರೆ ಎಂದಿದೆ ಮೇಡಂ, ಪ್ಯೂರ್ ಎಂದು ಬರೆದಿಲ್ಲ. ಉಟ್ಟ ಸೀರೆ ವಾಪಸ್ ತೆಗೆದುಕೊಳ್ಳುವುದಿಲ್ಲ. ಬೇಕಿದ್ದರೆ ನಿಮ್ಮನ್ನು ಕಳುಹಿಸಿದ ಮಂಟಪದವರನ್ನು ಕೇಳಿ." ಮಂಟಪದವರನ್ನು ಕೇಳಿದರೆ, "ಕಾರ್ಡ್ ಕೊಡುವುದು ಒಂದು ಸಹಾಯ ಅಮ್ಮಾ, ಸೀರೆಗೆ ನಾವು ಜವಾಬ್ದಾರರಲ್ಲ." ರಿಯಾಯಿತಿ ಹೇಳುವಾಗ ಇಬ್ಬರೂ ಒಂದೇ ಮನೆಯವರಂತೆ ಇದ್ದರು.

ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಿದೆವು. ಮಂಟಪದವರು ಅಲ್ಲಿಗೂ ಅದೇ ರಸೀದಿಯ ಉತ್ತರ ಕೊಟ್ಟ ಮೇಲೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಿದ್ದೇವೆ. ಕೊಟ್ಟ ಹಣ 5 ಲಕ್ಷ ರೂಪಾಯಿಯೊಳಗಿದ್ದರೆ ಅಲ್ಲಿ ಶುಲ್ಕವಿಲ್ಲ, ಘಟನೆಯಾದ ಎರಡು ವರ್ಷದೊಳಗೆ ದೂರು ಕೊಡಬಹುದು. ತೊಟ್ಟಿಯ ಫೋಟೋದ ಕೆಳಗೆ "ನಿಮ್ಮ ಮುಹೂರ್ತದ ಜಾಗ" ಎಂದು ಮ್ಯಾನೇಜರ್ ಕಳುಹಿಸಿದ್ದ ವಾಟ್ಸಾಪ್ ಸಂದೇಶ ನಮ್ಮಲ್ಲಿದೆ.

ನೀವು ಮಾಡಬೇಕಾದದ್ದು ಇಷ್ಟು. ಯಾವ ಅಂಗಳ, ಯಾವ ಹಾಲ್, ಎಷ್ಟು ಗಂಟೆಯಿಂದ ಎಷ್ಟು ಗಂಟೆಯವರೆಗೆ ಎಂಬುದನ್ನು ರಸೀದಿಯಲ್ಲಿ ಬರೆಸದೆ ಒಂದು ರೂಪಾಯಿಯನ್ನೂ ಕೊಡಬೇಡಿ, ಬರೆಯಲು ಹಿಂಜರಿದರೆ ಎದ್ದು ಬನ್ನಿ. ಮಂಟಪದವರು ಕೊಟ್ಟ ಕಾರ್ಡನ್ನು ಅಲ್ಲೇ ಬಿಟ್ಟು ಬನ್ನಿ. ಸೀರೆಗೆ ಕೇಂದ್ರ ರೇಷ್ಮೆ ಮಂಡಳಿಯ ಸಿಲ್ಕ್ ಮಾರ್ಕ್ ಚೀಟಿ ಇದೆಯೇ ನೋಡಿ, ಬಿಲ್ಲಿನಲ್ಲಿ ಶುದ್ಧ ರೇಷ್ಮೆ ಎಂದೇ ಬರೆಸಿ, ಸುಟ್ಟು ತೋರಿಸುತ್ತೇನೆ ಎಂದವನಿಗೆ ಅಡ್ಡ ಎಳೆಯನ್ನು ಸುಡಲು ಹೇಳಿ. ಬಿಳಿ ಧಾರೆ ಸೀರೆಯಾದರೆ ವೇದಿಕೆಯ ದೀಪ ಯಾರ ಕೈಯಲ್ಲಿರುತ್ತದೆ ಎಂಬುದನ್ನೂ ಮೊದಲೇ ಕೇಳಿಕೊಳ್ಳಿ.

ಮೊನ್ನೆ ಆ ಮ್ಯಾನೇಜರ್‌ನಿಂದ ಮತ್ತೊಂದು ಸಂದೇಶ ಬಂದಿತು: "ನಿಮ್ಮ ಎರಡನೇ ಮಗಳ ಮದುವೆಗೆ ತೊಟ್ಟಿಯನ್ನೇ ಕೊಡುತ್ತೇವೆ ಅಮ್ಮಾ, ಬಾಡಿಗೆಯಲ್ಲಿ ಶೇ 10 ಕಡಿಮೆ, ದೂರು ವಾಪಸ್ ತೆಗೆದುಕೊಳ್ಳಿ." ಅದನ್ನೂ ಮುದ್ರಿಸಿ ದೂರಿಗೆ ಲಗತ್ತಿಸಿದ್ದೇವೆ.