ತಗ್ಗು ಬೆಟ್ಟಕ್ಕೆ ಕಾಗದದ ಟೋಪೋ ಶೀಟ್: ಬಳಕೆದಾರನ ವಿಮರ್ಶೆ

ತಪ್ಪಲಿನಿಂದ ಮುನ್ನೂರು ನಾನೂರು ಮೀಟರ್ ಮಾತ್ರ ಏಳುವ ಬೆಟ್ಟಕ್ಕೆ ನಕ್ಷೆ ಅನಗತ್ಯವೆಂಬ ಅಭಿಪ್ರಾಯ ಸಾಮಾನ್ಯವಾಗಿದೆ. ಆದರೆ ಎತ್ತರದ ಪರ್ವತದ ನೆತ್ತಿ ದೂರದಿಂದಲೇ ದಿಕ್ಕನ್ನು ತಿಳಿಸುತ್ತದೆ; ತಗ್ಗು ಬೆಟ್ಟದಲ್ಲಿಯಾದರೋ ಒಂದನ್ನೊಂದು ಹೋಲುವ ಏಣುಗಳು ಮತ್ತು ಕುರುಚಲು ಕಾಡಿನಲ್ಲಿ ಮುಚ್ಚಿಹೋದ ಕೊರಕಲುಗಳು ನಡೆಯುವವರ ಅಂದಾಜನ್ನು ಸುಲಭವಾಗಿ ತಪ್ಪಿಸುತ್ತವೆ. ಆದ್ದರಿಂದ 1:50,000 ಪ್ರಮಾಣದ ಸ್ಥಳಾಕೃತಿ ನಕ್ಷೆ, ಅಂದರೆ ಬಳಕೆಯ ಮಾತಿನ ಟೋಪೋ ಶೀಟ್, ಇಂತಹ ಬೆಟ್ಟಗಳಿಗೆ ಎಷ್ಟು ಒದಗುತ್ತದೆ ಎಂಬುದನ್ನು ಪರಿಶೀಲಿಸುವುದು ಉಚಿತ.

ಈ ಪ್ರಮಾಣದಲ್ಲಿ ನೆಲದ ಒಂದು ಕಿಲೋಮೀಟರ್ ಕಾಗದದ ಮೇಲೆ 2 ಸೆಂ.ಮೀ. ಆಗುತ್ತದೆ. ಸಮಾನ ಎತ್ತರದ ಸ್ಥಳಗಳನ್ನು ಕೂಡಿಸುವ ಕಂದು ಬಣ್ಣದ ಸಮೋನ್ನತಿ ರೇಖೆಗಳ ನಡುವಿನ ಎತ್ತರದ ಅಂತರ ಸಾಮಾನ್ಯವಾಗಿ 20 ಮೀಟರ್ ಇರುತ್ತದೆ. ಪ್ರತಿ ಐದನೆಯ ರೇಖೆ ದಪ್ಪಗಿರುತ್ತದೆ. ಎರಡು ರೇಖೆಗಳು ಕಾಗದದ ಮೇಲೆ 2 ಮಿ.ಮೀ. ದೂರದಲ್ಲಿದ್ದರೆ ನೆಲದ ಮೇಲೆ ನೂರು ಮೀಟರ್ ನಡೆದಾಗ 20 ಮೀಟರ್ ಏರಬೇಕಾಗುತ್ತದೆಂದು ಅರ್ಥ; ಒಂದೇ ಮಿ.ಮೀ. ಇದ್ದರೆ ಏರು ಇಮ್ಮಡಿಯಾಗುತ್ತದೆ. ಮೊನೆ ಮೇಲ್ಮುಖವಾಗಿ ಬಾಗಿದ ರೇಖೆಗಳು ಕೊರಕಲನ್ನೂ ಕೆಳಮುಖವಾಗಿ ಚಾಚಿದವು ಏಣನ್ನೂ ಸೂಚಿಸುತ್ತವೆ. ಇಷ್ಟು ತಿಳಿದರೆ, ಮಳೆಯ ನೀರು ಯಾವ ಮಗ್ಗುಲಿಗೆ ಹರಿದು ಯಾವ ಹಳ್ಳವನ್ನು ಸೇರುತ್ತದೆಂಬುದನ್ನು ಬೆಟ್ಟ ಹತ್ತುವ ಮೊದಲೇ ಓದಬಹುದು. ನನ್ನ ಮಟ್ಟಿಗೆ ಈ ನಕ್ಷೆಯ ಅತ್ಯುತ್ತಮ ಗುಣ ಇದೇ.

ಬೆಟ್ಟ ಹುಟ್ಟಿದ ಬಗೆಯ ಸುಳಿವೂ ಇದರಲ್ಲಿ ದೊರೆಯುತ್ತದೆ. ಪದರ ಪದರವಾಗಿ ಸಿಪ್ಪೆ ಕಳಚಿಕೊಂಡು ಗುಮ್ಮಟದಂತಾದ ಗ್ರಾನೈಟ್ ಬೆಟ್ಟದಲ್ಲಿ ರೇಖೆಗಳು ನೆತ್ತಿಯ ಬಳಿ ಅಗಲವಾಗಿದ್ದು ಪಕ್ಕೆಗಳಲ್ಲಿ ಒತ್ತೊತ್ತಾಗುತ್ತವೆ. ಗಟ್ಟಿ ಶಿಲೆಯ ಹೊದಿಕೆ ಉಳಿದಿರುವ ಚಪ್ಪಟೆ ನೆತ್ತಿಯ ಬೆಟ್ಟದಲ್ಲಿ ನಡುವೆ ರೇಖೆಗಳೇ ಇಲ್ಲದಂತಾಗಿ ಅಂಚಿನಲ್ಲಿ ಎಲ್ಲವೂ ಒಟ್ಟುಗೂಡುತ್ತವೆ. ಶಿಲೆಯ ಹೆಸರನ್ನು ಮಾತ್ರ ನಕ್ಷೆ ಹೇಳುವುದಿಲ್ಲ. ಅದಕ್ಕೆ ಭೂವೈಜ್ಞಾನಿಕ ನಕ್ಷೆಯೇ ಬೇಕು.

ಸಸ್ಯಗಳ ವಿಷಯದಲ್ಲಿ ಓದುಗರು ಸ್ವಲ್ಪ ಎಚ್ಚರ ವಹಿಸಬೇಕು. ಗಾಳಿಯ ಉಷ್ಣತೆ ಸರಾಸರಿಯಾಗಿ ಪ್ರತಿ ಸಾವಿರ ಮೀಟರಿಗೆ 6.5 ಡಿಗ್ರಿ ಸೆಲ್ಸಿಯಸ್ ಇಳಿಯುವುದರಿಂದ, ನಾನೂರು ಮೀಟರ್ ಏರಿಗೆ ಸಿಗುವ ವ್ಯತ್ಯಾಸ ಎರಡೂವರೆ ಡಿಗ್ರಿಯ ಆಸುಪಾಸಿನದು. ಹೀಗಾಗಿ ತಗ್ಗು ಬೆಟ್ಟದಲ್ಲಿ ಗಿಡಮರಗಳನ್ನು ಹೆಚ್ಚಾಗಿ ನಿರ್ಧರಿಸುವುದು ಎತ್ತರವಲ್ಲ. ಇಳಿಜಾರಿನ ಮುಖ (ಅದು ಯಾವ ದಿಕ್ಕಿಗೆ ತಿರುಗಿದೆ ಎಂಬುದು), ಮಣ್ಣಿನ ಆಳ ಮತ್ತು ನೀರಿನ ಆಸರೆ. ಇವುಗಳಲ್ಲಿ ಇಳಿಜಾರಿನ ಮುಖವನ್ನು ರೇಖೆಗಳಿಂದ ಖಚಿತವಾಗಿ ತಿಳಿಯಬಹುದು, ನೀರಿನ ದಾರಿಯನ್ನು ಊಹಿಸಬಹುದು. ಮಣ್ಣಿನ ಆಳ ಕಾಣುವುದಿಲ್ಲ, ಕಾಡನ್ನು ಸೂಚಿಸುವ ಹಸಿರು ಬಣ್ಣವೂ ಅದನ್ನು ತಿಳಿಸದು.

ನಿಜವಾದ ದೌರ್ಬಲ್ಯವೆಂದರೆ ಆ 20 ಮೀಟರ್ ಅಂತರವೇ. ಎರಡು ರೇಖೆಗಳ ನಡುವೆ ಹದಿನೈದು ಮೀಟರಿನ ಬಂಡೆಗೋಡೆ ಇದ್ದರೂ, ಪ್ರತ್ಯೇಕ ಚಿಹ್ನೆ ಹಾಕದಿದ್ದರೆ, ಅದು ಮರೆಯಾಗುತ್ತದೆ. ದೊಡ್ಡ ಪರ್ವತದಲ್ಲಿ ಇದು ಸಣ್ಣ ಲೋಪವೆನಿಸಬಹುದು. ಒಟ್ಟು ಇಪ್ಪತ್ತು ರೇಖೆಗಳಷ್ಟೇ ಇರುವ ಬೆಟ್ಟದಲ್ಲಿ ಅದು ದಾರಿಯನ್ನೇ ಬದಲಿಸುತ್ತದೆ. 10 ಮೀಟರ್ ಅಂತರದ 1:25,000 ನಕ್ಷೆ ಲಭ್ಯವಿದ್ದರೆ ಅದನ್ನೇ ಆರಿಸಿಕೊಳ್ಳಬೇಕು.

ಮೊಬೈಲಿನ ನಕ್ಷೆ ಸಾಲದೇ ಎಂಬ ಪ್ರಶ್ನೆಯೂ ಇದೆ. ನಿಂತ ಜಾಗವನ್ನು ತೋರಿಸುವುದರಲ್ಲಿ ಅದಕ್ಕೆ ಸಾಟಿಯಿಲ್ಲ. ಆದರೆ ಅನೇಕ ಆ್ಯಪ್‌ಗಳು ಎತ್ತರಕ್ಕೆ ಅವಲಂಬಿಸುವ ಮಾಹಿತಿ 2000ದಲ್ಲಿ ಬಾಹ್ಯಾಕಾಶ ನೌಕೆಯ ರೇಡಾರ್ ಸಂಗ್ರಹಿಸಿದ್ದು. ದಟ್ಟ ಕಾಡಿರುವಲ್ಲಿ ಆ ಅಲೆಗಳು ನೆಲ ಮುಟ್ಟದೆ ಮರಗಳ ಮೇಲ್ಭಾಗದ ಸಮೀಪದಿಂದಲೇ ಮರಳುತ್ತವೆ, ಎತ್ತರವನ್ನು ಸುಮಾರು 30 ಮೀಟರಿನ ಚೌಕಕ್ಕೊಂದರಂತೆ ದಾಖಲಿಸಿರುವುದರಿಂದ ಚೂಪಾದ ನೆತ್ತಿಗಳು ಮೊಂಡಾಗುತ್ತವೆ.

ಕಾಗದ ಮಡಿಕೆಗಳಲ್ಲಿ ಹರಿಯುತ್ತದೆ, ಮಳೆಗೆ ತಾಳುವುದಿಲ್ಲ. ಪಾರದರ್ಶಕ ಚೀಲ ಕಡ್ಡಾಯ. ಕೊಳ್ಳುವ ಮುನ್ನ ಅಂಚಿನಲ್ಲಿ ಅಚ್ಚಾಗಿರುವ ಸರ್ವೇಕ್ಷಣೆಯ ವರ್ಷವನ್ನು ನೋಡಬೇಕು. ವರ್ಷ ಹಳೆಯದಾಗಿದ್ದರೆ ಏಣು ಕೊರಕಲುಗಳನ್ನು ಬಹುಮಟ್ಟಿಗೆ ನಂಬಬಹುದು, ಕಾಲುದಾರಿ ಮತ್ತು ಕಾಡಿನ ಅಂಚನ್ನು ನಂಬಲಾಗದು.